ಮೂಲದರ್ಶಿಯ ಮೂಗಿಗೆ ಬಿದ್ದ ರಂಜಕ

ಮಹಾರುದ್ರಪ್ಪ ಹೊಸ ಯಂತ್ರ ಮಾಡಿದ್ದಾನೆಂದು ಸುದ್ದಿ ಬಂದರೆ ಬೆಟಗೇರಿಯ ಆ ಓಣಿಯ ಜನ ಮೊದಲು ತಮ್ಮ ಮನೆಯ ಮೇನ್ ಸ್ವಿಚ್ ಆರಿಸಿ, ಆಮೇಲೆ ನೋಡಲು ಬರುತ್ತಿದ್ದರು.

ಆ ಭಾನುವಾರವೂ ಹಾಗೆಯೇ ಬಂದರು. ಕಟ್ಟೆಯ ಮೇಲೊಂದು ಸ್ಟೂಲು, ಅದರ ಮೇಲೊಂದು ದೊಡ್ಡ ಕುಕ್ಕರು. ಸೀಟಿ ಕೂರಬೇಕಾದ ಜಾಗದಿಂದ ಕಸ ಎಳೆಯುವ ಯಂತ್ರದ ಕೊಳವೆಯೊಂದು ಆನೆಯ ಸೊಂಡಿಲಿನಂತೆ ಇಳಿಬಿದ್ದಿತ್ತು. ಕುಕ್ಕರಿನ ಹೊಟ್ಟೆಗೆ ಹಳೆಯ ರೇಡಿಯೋದ ಸ್ಪೀಕರು. ಗುಂಪಿನ ಹಿಂದೆ ನಿಂತಿದ್ದ ನೀಲಾಂಬಿಕಾಳಿಗೆ ಆ ಕುಕ್ಕರಿನ ಗುರುತು ಕೂಡಲೇ ಹತ್ತಿತು. ಅದು ಕಾಣೆಯಾಗಿದೆಯೆಂದು ಅವಳು ಪಾತ್ರೆ ತೊಳೆಯುವವಳ ಮೇಲೆ ಸಿಟ್ಟಾಗಿ, ಅವಳ ಜೊತೆ ಮಾತನ್ನೇ ಬಿಟ್ಟಿದ್ದಳು.

ನೀಲಾಂಬಿಕಾಳ ಗಂಡ ಮಹಾರುದ್ರಪ್ಪ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮಾಸ್ತರ. ಕಲಿಸಿದ್ದಕ್ಕಿಂತ ಬಿಚ್ಚಿದ್ದು ಹೆಚ್ಚು. ಕೊಂಡ ವಸ್ತುವನ್ನು ಬಿಚ್ಚಿ ನೋಡುವುದು ಮನುಷ್ಯನ ಜನ್ಮಸಿದ್ಧ ಹಕ್ಕೆಂದು ಅವನು ನಂಬಿದ್ದ. ಓಣಿಯಲ್ಲಿ ಯಾರು ಹೊಸ ಫೋನು ಕೊಂಡರೂ ಅವರನ್ನು ಕೂರಿಸಿಕೊಂಡು, ಬೀಗ ಹಾಕಿ ಮಾರಿದ ಸಾಮಾನು ಮಾರಿದಂತಲ್ಲ, ಬಾಡಿಗೆಗೆ ಕೊಟ್ಟಂತೆ ಎಂದು ಚಹಾ ಆರುವವರೆಗೆ ಹೇಳುತ್ತಿದ್ದ. ಮಾಡಿದವನ ಹೆಸರು ಉಳಿಯಲಿ, ಅದು ನ್ಯಾಯ. ಆದರೆ ಮಾಡಿದ ರೀತಿಯನ್ನು ಮುಚ್ಚಿಡುವುದು ಪಾಪ. ಅವನ ಕಂಪ್ಯೂಟರಿನಲ್ಲಿದ್ದುದೆಲ್ಲ ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ. ಹಾಗಾಗಿ ಅದು ಆಗಾಗ ನಿಲ್ಲುತ್ತಿತ್ತು. ಏಕೆ ನಿಂತಿತೆಂದು ಓದಿ ತಿಳಿಯಬಹುದಲ್ಲ ಎಂಬುದೇ ಅವನ ಸಂತೋಷ.

ಯಂತ್ರದ ಹೆಸರು ಮೂಲದರ್ಶಿ. ಯಾವ ಅಡುಗೆಯನ್ನಾದರೂ ಮೂಸಿ, ಏನೇನು ಹಾಕಿದ್ದಾರೆ, ಎಷ್ಟು ಹಾಕಿದ್ದಾರೆ, ಹೇಗೆ ಮಾಡಿದ್ದಾರೆ ಎಂಬುದನ್ನು ಹೇಳುತ್ತದೆ. ಹೇಳಿದ್ದನ್ನು ಓಣಿಯವರ ಫೋನ್ ಗುಂಪಿಗೂ ತಾನೇ ಕಳಿಸುತ್ತದೆ. ಮಹಾರುದ್ರಪ್ಪ ಪೇಟೆಯಿಂದ ತಂದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣವನ್ನು ಸೊಂಡಿಲಿಗೆ ಹಿಡಿದ. ಕುಕ್ಕರು ಗೊರಗೊರ ಎಂದಿತು. ಆಮೇಲೆ ಬಸ್ ನಿಲ್ದಾಣದ ಪ್ರಕಟಣೆಯ ದನಿಯಲ್ಲಿ, ಶೇಂಗಾ ಅರ್ಧ, ಪುಟಾಣಿ ಅರ್ಧ, ಬೆಳ್ಳುಳ್ಳಿ ಹೆಸರಿಗೆ ಮಾತ್ರ ಎಂದು ಹೇಳಿತು. ಜನ ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಮಿರ್ಚಿ ಭಜಿಯ ಗಾಡಿ ನಿಲ್ಲಿಸುವ ಈರಪ್ಪ ಮಾತ್ರ ತಟ್ಟಲಿಲ್ಲ. ಗಾಡಿಯನ್ನು ಮೆಲ್ಲಗೆ ತಳ್ಳಿಕೊಂಡು ಮುಂದಿನ ಓಣಿಗೆ ಹೋದ.

“ಭಾವಾರ, ಅಗದೀ ಚಲೋ ಮಾಡೀರಿ ನೋಡ್ರಿ,” ಎಂದಳು ಕಸ್ತೂರಿ.

ಆ ದನಿ ಕೇಳಿದ್ದೇ ನೀಲಾಂಬಿಕಾ ತಟ್ಟುತ್ತಿದ್ದ ಚಪ್ಪಾಳೆ ನಿಲ್ಲಿಸಿದಳು.

ಕಸ್ತೂರಿ ಅವಳ ನೆಗೆಣ್ಣಿ, ಮೈದುನನ ಹೆಂಡತಿ. ಮನೆ ಎದುರಿಗೇ. ನಾಗಪಂಚಮಿಗೆ ಮುಂಚಿನ ರೊಟ್ಟಿ ಹಬ್ಬಕ್ಕೆ ಓಣಿಯ ಹೆಂಗಸರೆಲ್ಲ ರೊಟ್ಟಿ, ಪಲ್ಯ, ಚಟ್ನಿ ಕಟ್ಟಿಕೊಂಡು ಮನೆಮನೆಗೆ ಹಂಚುತ್ತಾರೆ. ಪ್ರತಿ ವರ್ಷ ಎಲ್ಲರ ಬಾಯಲ್ಲೂ ಕಸ್ತೂರಿಯ ಬದನೆಕಾಯಿ ಎಣ್ಣೆಗಾಯಿಯದೇ ಮಾತು. ನೀಲಾಂಬಿಕಾಳ ಎಣ್ಣೆಗಾಯಿಯನ್ನೂ ತಿನ್ನುತ್ತಿದ್ದರು, ಚೆನ್ನಾಗಿದೆ ಎನ್ನುತ್ತಿದ್ದರು. ಆದರೆ ಯಾರೂ ಎರಡನೆಯ ಸಲ ಬಟ್ಟಲು ಚಾಚುತ್ತಿರಲಿಲ್ಲ. ಸ್ವಂತ ಗಂಡನೇ ಕಸ್ತೂರಿ ಕಳಿಸಿದ ಬಟ್ಟಲನ್ನು ಬೆರಳಿನಿಂದ ಬಳಿದು, ತೊಳೆಯುವ ಕೆಲಸ ಉಳಿಸುತ್ತಿದ್ದ. ಏನು ಹಾಕುತ್ತೀ ಎಂದು ಕೇಳಿದರೆ ಕಸ್ತೂರಿ ಸೆರಗು ಸರಿಮಾಡಿಕೊಂಡು, ಎಲ್ಲರೂ ಹಾಕುವುದನ್ನೇ ಎಂದು ನಗುತ್ತಿದ್ದಳು. ಆ ನಗು ನೆನಪಾದರೆ ನೀಲಾಂಬಿಕಾಳಿಗೆ ಹಿಟ್ಟು ನಾದುವುದು ಸುಲಭವಾಗುತ್ತಿತ್ತು. ಅಷ್ಟು ಜೋರಾಗಿ ಗುದ್ದುತ್ತಿದ್ದಳು.

ಅವಳಲ್ಲೂ ಒಂದು ಗುಟ್ಟಿತ್ತು. ರಂಜಕ. ಹಣ್ಣುಮೆಣಸಿನಕಾಯಿ ರುಬ್ಬಿ ಮಾಡುವ ಕೆಂಪು ಖಾರ, ಆ ಸೀಮೆಯಲ್ಲಿ ಪ್ರತಿ ಮನೆಯಲ್ಲೂ ಇರುತ್ತದೆ. ಆದರೆ ಇವಳದು ತಾಯಿಯಿಂದ ಬಂದದ್ದು, ನಾಲಗೆಗಿಟ್ಟರೆ ಹಣೆ ಬೆವರಿ ಮನಸ್ಸು ತಣ್ಣಗಾಗುವಂಥದು. ಮಾಡುವ ರೀತಿಯನ್ನು ಮಗಳಿಗೂ ಹೇಳಿರಲಿಲ್ಲ. ಮೈದುನನಿಗೆ ಇಷ್ಟವೆಂದು ವರ್ಷಕ್ಕೊಂದು ಭರಣಿ ಎದುರು ಮನೆಗೆ ಕೊಡುತ್ತಿದ್ದಳು. ನಿಜವಾದ ಖಾರ ಹೇಗಿರುತ್ತದೆಂದು ಕಸ್ತೂರಿಗೂ ತಿಳಿಯಲಿ ಎಂಬ ಉದ್ದೇಶವೂ ಅದರಲ್ಲಿತ್ತು.

ಮರುದಿನ ಗಂಡ ಕಾಲೇಜಿಗೆ ಹೋದ ಮೇಲೆ ನೀಲಾಂಬಿಕಾ ಎದುರು ಮನೆಗೆ ಹೋಗಿ, ಬಾಯಿ ಕೆಟ್ಟಿದೆಯೆಂದು ಒಂದು ಬಟ್ಟಲು ಎಣ್ಣೆಗಾಯಿ ಕೇಳಿ ತಂದಳು. ಕಿಟಕಿ ಮುಚ್ಚಿ, ಯಂತ್ರದ ಗುಂಡಿ ಒತ್ತಿ, ಸೊಂಡಿಲನ್ನು ಬಟ್ಟಲಿಗೆ ಹಿಡಿದಳು.

ಮೂಲದರ್ಶಿ ಬಹಳ ಹೊತ್ತು ಮೂಸಿತು. ಎಳೆ ಬದನೆಕಾಯಿ, ಶೇಂಗಾ, ಗುರೆಳ್ಳು, ಒಣ ಕೊಬ್ಬರಿ, ಬೆಲ್ಲ ಎಂದು ಒಂದೊಂದಾಗಿ ಹೇಳಿತು. ಎಲ್ಲವೂ ಅವಳು ಹಾಕುವಂಥವೇ. ಆಮೇಲೆ ತಡೆದು ನಿಂತಿತು.

“ಇನ್ನೊಂದು ಪದಾರ್ಥವಿದೆ. ಅದು ಸ್ವತಃ ಒಂದು ಅಡುಗೆ. ಅದರ ಮೂಲ ನನಗೆ ಗೊತ್ತಿಲ್ಲ. ಪಡೆಯುವವರು ಕೊಡಬೇಕು. ನಿಮ್ಮದೊಂದು ಅಡುಗೆಯನ್ನು ಮೊದಲು ಕೊಡಿ.”

ಇದು ಗಂಡನ ಬುದ್ಧಿಯೇ. ಮುಕ್ತ ತಂತ್ರಾಂಶದಲ್ಲಿ ಅಂಥದೊಂದು ಕರಾರು ಇರುತ್ತದೆಂದು ಅವನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದ. ಹತ್ತು ಜನ ಬೆವರಿಳಿಸಿ ಮಾಡಿದ್ದನ್ನು ಎತ್ತಿಕೊಂಡವನು, ತಾನು ಅದರಿಂದ ಮಾಡಿದ್ದನ್ನೂ ಹತ್ತು ಜನರ ಮುಂದಿಡಬೇಕು. ಅವಳು ಆಗೆಲ್ಲ ಹೂಂಗುಟ್ಟುತ್ತ ಮಜ್ಜಿಗೆ ಬಡಿಸಿದ್ದಳು.

ಚಹಾ ಹಿಡಿದಳು. ಎಲ್ಲರಿಗೂ ಗೊತ್ತಿರುವುದನ್ನು ಕೊಡುವುದು ಕೊಟ್ಟಂತಲ್ಲ ಎಂದಿತು ಯಂತ್ರ. ಉಪ್ಪಿಟ್ಟು ಹಿಡಿದಳು. ರವೆ ಇನ್ನಷ್ಟು ಹುರಿಯಬೇಕಿತ್ತು ಎಂದಿತು. ಅವಳು ಸೊಂಡಿಲಿಗೊಂದು ಏಟು ಕೊಟ್ಟಳು. ಅದು ತನಗೆ ಗೊತ್ತಿಲ್ಲದ್ದನ್ನೇ ಕೊಡಿ ಎಂದು ಮತ್ತೆ ಮತ್ತೆ ಕೇಳುತ್ತ, ಅಟ್ಟದ ಮೇಲಿನ ರಂಜಕದ ಭರಣಿಯ ಕಡೆಗೆ ತಾನಾಗಿ ತಿರುಗಿ ಮೂಗು ಅಲ್ಲಾಡಿಸತೊಡಗಿತು.

ನೀಲಾಂಬಿಕಾ ಅಟ್ಟಕ್ಕೆ ಕೈ ಚಾಚಿ, ಮತ್ತೆ ಹಿಂತೆಗೆದಳು. ಕೊಡಬಾರದೆಂದು ತಾಯಿಯ ಮುಖ ಹೇಳುತ್ತಿತ್ತು, ಕೊಡೆಂದು ಕಸ್ತೂರಿಯ ನಗು ಚುಚ್ಚುತ್ತಿತ್ತು. ಕೊನೆಗೆ ನಗುವೇ ಗೆದ್ದಿತು, ಯಂತ್ರ ಮೂಸಿದ್ದನ್ನೆಲ್ಲ ಓಣಿಗೆ ಕಳಿಸುತ್ತದೆಂಬುದೂ ಮರೆತುಹೋಯಿತು. ಭರಣಿ ಇಳಿಸಿ, ಅದರ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಒಂದು ಎಳೆಯಷ್ಟು ಸರಿಸಿದಳು. ಮೂಲದರ್ಶಿ ಅಷ್ಟರಲ್ಲೇ ಸೊಂಡಿಲು ತೂರಿಸಿ ದೀರ್ಘವಾಗಿ ಎಳೆದುಕೊಂಡಿತು.

“ಹಣ್ಣುಮೆಣಸಿನಕಾಯಿ. ಸುಟ್ಟ ಬೆಳ್ಳುಳ್ಳಿ. ಹುರಿದ ಮೆಂತ್ಯ. ಲಿಂಬೆಯ ಬದಲು ಉಪ್ಪಿನಲ್ಲಿಟ್ಟ ಕವಳಿಕಾಯಿ,” ಎಂದಿತು. “ಧನ್ಯವಾದ. ಎಣ್ಣೆಗಾಯಿಯಲ್ಲಿ ಉಳಿದಿದ್ದ ಪದಾರ್ಥವೂ ಇದೇ. ಅದರ ರುಚಿಯ ಮೂಲ, ನಿಮ್ಮ ರಂಜಕ.”

ನೀಲಾಂಬಿಕಾ ಒಂದು ಬೆರಳನ್ನು ಎಣ್ಣೆಗಾಯಿಗೆ, ಇನ್ನೊಂದನ್ನು ರಂಜಕಕ್ಕೆ ಅದ್ದಿ ನಾಲಗೆಗಿಟ್ಟಳು. ಇಷ್ಟು ವರ್ಷ ತಾನು ಹೊಟ್ಟೆ ಉರಿಸಿಕೊಂಡಿದ್ದು ತನ್ನದೇ ಕೈಯ ಖಾರಕ್ಕೆ! ಒಂದು ಗಳಿಗೆ ಹಿಗ್ಗಾಯಿತು. ಮರುಗಳಿಗೆ ಮೊದಲಿಗಿಂತ ಹೆಚ್ಚು ಉರಿಯಿತು. ಆ ಹೊಗಳಿಕೆಯೆಲ್ಲ, ಗಂಡನ ಆ ಬೆರಳೆಲ್ಲ ತನಗೆ ಸಲ್ಲಬೇಕಾಗಿತ್ತಲ್ಲ. ಕದಿಯಲು ಕುಳಿತಿದ್ದವಳು ತಾನು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಭರಣಿ ಇಟ್ಟವಳೇ ಸೆರಗು ಸಿಕ್ಕಿಸಿಕೊಂಡು ಎದುರು ಮನೆಗೆ ನಡೆದಳು.

“ನನ್ನ ರಂಜಕಾ ಹಾಕಿ ನಿನ್ನ ಹೆಸರು ಮಾಡ್ಕೊಂಡಿಯಲ್ಲ ಕಸ್ತೂರಿ, ಒಮ್ಮೆರ ಹೇಳಬೇಕು ಅನಸಲಿಲ್ಲೇನು?”

ಕಸ್ತೂರಿ ಒಲೆ ಸಣ್ಣ ಮಾಡಿದಳು. ಈ ಸಲ ನಗಲಿಲ್ಲ.

“ಹೇಳಿದ್ರ ನೀವು ಕೊಡೂದ ನಿಲ್ಲಸ್ತಿದ್ರಿ ಅಕ್ಕಾರ. ನಾನೂ ಮನ್ಯಾಗ ಮಾಡಿ ನೋಡೀನಿ, ನಿಮ್ಮಂಗ ಬರಲಿಲ್ಲ. ಭರಣಿ ಮುಗಿದ ದಿನ ಇವರು ಅರ್ಧಾ ರೊಟ್ಟಿಗೆ ಏಳ್ತಾರ. ನನಗ ಎಷ್ಟು ಉರದಿರಬೇಕು, ನೀವ ಹೇಳ್ರಿ.”

ತನ್ನ ಮೇಲೂ ಒಬ್ಬಳಿಗೆ ಹೊಟ್ಟೆಕಿಚ್ಚಿತ್ತು ಎಂಬುದನ್ನು ಕೇಳಿ ನೀಲಾಂಬಿಕಾಳಿಗೆ ಸಿಟ್ಟು ಮುಂದುವರಿಸುವುದು ಕಷ್ಟವಾಯಿತು. ಸಿಕ್ಕಿಸಿದ್ದ ಸೆರಗನ್ನು ಇಳಿಬಿಟ್ಟಳು. ಕಸ್ತೂರಿ ಮಣೆ ಹಾಕಿದಳು. ಅಷ್ಟರಲ್ಲಿ ಒಲೆಯ ಪಕ್ಕದಲ್ಲಿದ್ದ ಅವಳ ಫೋನು ಕಿಣಿಕಿಣಿಸಿತು. ಇಬ್ಬರೂ ಬಗ್ಗಿ ನೋಡಿದರು. ನೀಲಾಂಬಿಕಾ ಅವರ ರಂಜಕ, ಮಾಡುವ ವಿಧಾನ, ಎಲ್ಲರೂ ಬಳಸಿ, ತಿದ್ದಿ, ಹಂಚಿ ಎಂದಿತ್ತು. ಕಳಿಸಿದವರ ಹೆಸರು ಮೂಲದರ್ಶಿ. ಕೆಳಗೆ ಓಣಿಯ ಹೆಂಗಸರು ಕೈಮುಗಿದ ಚಿತ್ರಗಳನ್ನು ಸಾಲಾಗಿ ಹಾಕುತ್ತಿದ್ದರು.

ಸಂಜೆ ಮನೆಗೆ ಬಂದ ಮಹಾರುದ್ರಪ್ಪನಿಗೆ ಬಾಗಿಲಲ್ಲೇ ಪೂಜೆಯಾಯಿತು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಸಮಾಧಾನ ಹೇಳಿದ. ಕದ್ದರೆ ತಪ್ಪು, ಇದು ಹಂಚಿಕೆ, ಅವಳ ಹೆಸರು ಎಲ್ಲೆಲ್ಲೂ ಇರುತ್ತದೆ, ಯಂತ್ರಕ್ಕೆ ಹಾಗೆಯೇ ಕಲಿಸಿದ್ದೇನೆ ಎಂದ. ಹೆಸರು ಒಲೆಯ ಮೇಲಿಟ್ಟರೆ ಬೇಯುತ್ತದೆಯೇ ಎಂದು ಅವಳು ಕೇಳಿದಳು. ಅವನು ಚಪ್ಪಲಿ ಬಿಡಲು ಮತ್ತೆ ಹೊರಗೆ ಹೋದ.

ರೊಟ್ಟಿ ಹಬ್ಬ ಬಂತು. ಹಣ್ಣುಮೆಣಸಿನಕಾಯಿ ಸಿಗದವರು ಒಣ ಬ್ಯಾಡಗಿಯನ್ನೇ ನೆನೆಸಿ ರುಬ್ಬಿದ್ದರು. ಪೇಟೆಯಲ್ಲಿ ಉಪ್ಪಿನಲ್ಲಿಟ್ಟ ಕವಳಿಕಾಯಿ ಹುಡುಕಿದರೂ ಇಲ್ಲ. ಎಣ್ಣೆಗಾಯಿಗೆ ರಂಜಕ, ಹೆಸರುಕಾಳಿಗೆ ರಂಜಕ, ಮಡಕಿಕಾಳಿಗೆ ರಂಜಕ, ಪುಂಡಿಪಲ್ಯಕ್ಕೂ ರಂಜಕ. ಹತ್ತು ಗಂಟೆಗೆಲ್ಲ ಇಡೀ ಓಣಿಗೆ ಒಂದೇ ವಾಸನೆ. ವಾಸನೆ ಹಿಡಿದು ಮನೆ ಸೇರುವ ರೂಢಿಯಿದ್ದ ಮುದುಕ ರಾಚಪ್ಪ ಯಾರದೋ ಮನೆಗೆ ನುಗ್ಗಿ, ಕೈ ತೊಳೆದು, ಅರ್ಧ ಊಟ ಮಾಡಿದ ಮೇಲೆ ಹೆಂಡತಿ ಬೇರೆ ಎಂದು ಗುರುತಿಸಿದ. ರೊಟ್ಟಿ ಹಂಚಲು ಹೊರಟವರು ಕೊಟ್ಟದ್ದನ್ನೇ ತಿರುಗಿ ಪಡೆದಂತಾಗಿ, ದಾರಿಯಲ್ಲಿ ಪೆಚ್ಚಾಗಿ ನಿಂತರು.

ಮಹಾರುದ್ರಪ್ಪ ಮಾತ್ರ ಹಿಗ್ಗಿನಲ್ಲಿದ್ದ. ಇದೇ ಹಂಚಿಕೆಯ ಶಕ್ತಿ ಎಂದು ಮೂಲದರ್ಶಿಯನ್ನು ಕಟ್ಟೆಗೆ ತಂದು, ಬಂದವರ ತಟ್ಟೆಗಳನ್ನು ಒಂದೊಂದಾಗಿ ಹಿಡಿದ. ತಟ್ಟೆ ಬದಲಾಯಿತು, ಯಂತ್ರದ ಮಾತು ಬದಲಾಗಲಿಲ್ಲ. ನೀಲಾಂಬಿಕಾ ಅವರ ರಂಜಕ, ನೀಲಾಂಬಿಕಾ ಅವರ ರಂಜಕ ಎಂದು ಹೇಳುತ್ತಲೇ ಹೋಯಿತು. ಮೊದಲ ಕೆಲವು ಸಲ ಅವಳು ತಲೆ ತಗ್ಗಿಸಿ ನಾಚಿಕೊಂಡಳು. ಆಮೇಲೆ ತಲೆ ಎತ್ತಿಯೇ ನಿಂತಳು. ಕಸ್ತೂರಿಯ ಮುಖ ಬಾಡುತ್ತಿರುವುದನ್ನು ಕಂಡು, ತಾನು ಒಳ್ಳೆಯವಳಲ್ಲ ಎಂದು ತಿಳಿದೂ, ಅವಳಿಗೆ ಬಹಳ ಸುಖವಾಯಿತು.

ಆದರೆ ಮೂಗು ಎಂದರೆ ಮೂಗೇ, ಕುಕ್ಕರಿನದಾದರೂ. ಓಣಿಯ ಖಾರವನ್ನೆಲ್ಲ ಒಳಗೆಳೆದುಕೊಂಡ ಮೂಲದರ್ಶಿಯ ದನಿ ಮೊದಲು ಕಟ್ಟಿತು. ಮುಚ್ಚಳ ಕುಣಿಯಿತು. ಸೊಂಡಿಲು ಮೇಲೆದ್ದು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿ, ಜನ ಹಿಂದೆ ಸರಿಯುವಷ್ಟರಲ್ಲಿ ಸೀನಿತು. ಅದು ಸಾಮಾನ್ಯ ಸೀನಲ್ಲ. ಎದುರು ಮನೆಯ ಸುಣ್ಣದ ಗೋಡೆ ಕೆಂಪಾಯಿತು. ಹೊಸ ಸೀರೆಗಳೆಲ್ಲ ಒಂದೇ ಬಣ್ಣಕ್ಕೆ ಬಂದವು. ಓಣಿಗೆ ಓಣಿಯೇ ಕಣ್ಣೊರೆಸಿಕೊಂಡು ಅಳುತ್ತಿರುವುದನ್ನು ದೂರದಿಂದ ಕಂಡ ಅಂಚೆಯವನು, ಯಾರೋ ಹಿರಿಯರು ತೀರಿಕೊಂಡರೆಂದು ಸೈಕಲ್ಲಿನಿಂದ ಇಳಿದು, ಟೋಪಿ ತೆಗೆದು ನಿಂತ.

ಅಲ್ಲಿಂದ ಮುಂದೆ ಮೂಲದರ್ಶಿಗೆ ಬೇರೆ ವಾಸನೆಯೇ ತಿಳಿಯದೆ ಹೋಯಿತು. ಮಲ್ಲಿಗೆ ಹಿಡಿದರೂ, ಸಾಬೂನು ಹಿಡಿದರೂ, ಮಹಾರುದ್ರಪ್ಪನ ಕಾಲುಚೀಲ ಹಿಡಿದರೂ ನೀಲಾಂಬಿಕಾ ಅವರ ರಂಜಕ ಎನ್ನುತ್ತಿತ್ತು. ಕಾಲುಚೀಲದ ದಿನ ಅವಳು ಸೊಂಡಿಲನ್ನು ಕಿತ್ತಿಟ್ಟು, ಕುಕ್ಕರನ್ನು ತಿಕ್ಕಿ ತೊಳೆದು, ಬೇಳೆ ಹಾಕಿ ಒಲೆಗಿಟ್ಟಳು.

ಯಂತ್ರ ಹೋದ ಮೇಲೆ ಮಹಾರುದ್ರಪ್ಪನಿಗೆ ಕೈ ಸುಮ್ಮನಿರಲಿಲ್ಲ. ರಂಜಕದ ವಿಧಾನ ಈಗ ಎಲ್ಲರದಾಗಿದೆ, ತಿದ್ದಿ ನೋಡುತ್ತೇನೆ ಎಂದು ಅಡುಗೆಮನೆಗೆ ಇಳಿದ. ಹುಟ್ಟಿದಾಗಿನಿಂದ ಒಂದು ಲೋಟ ನೀರು ಕಾಯಿಸದವನು. ನೀಲಾಂಬಿಕಾ ನಗುತ್ತ ಮೆಣಸಿನಕಾಯಿಯ ಬುಟ್ಟಿ ಕೊಟ್ಟಳು. ಅವನು ಮಾಡಿದ್ದನ್ನು ಹೊರಗೆ ತಂದು ರೊಟ್ಟಿಯ ಅಂಚಿಗೆ ಹಚ್ಚಿ ಕೊಟ್ಟಾಗ ಅವಳ ನಗು ನಿಂತಿತು. ಇನ್ನೊಂದು ಚೂರು ರೊಟ್ಟಿಗೆ ಅವಳ ಕೈ ತಾನಾಗಿ ಹೋಯಿತು. ಸುದ್ದಿ ಹರಡಿ, ಮರುದಿನ ಓಣಿಯವರು ಬಟ್ಟಲು ಹಿಡಿದು ಬಂದರು. ಮಾಸ್ತರ ರಂಜಕವಂತೆ, ಅಕ್ಕಾರದಕ್ಕಿಂತ ಒಂದು ಕೈ ಮೇಲಂತೆ ಎನ್ನುತ್ತಿದ್ದರು.

ಕಟ್ಟೆಯ ಮೇಲೆ ಕುಳಿತು ಅದನ್ನೆಲ್ಲ ಕೇಳುತ್ತಿದ್ದ ನೀಲಾಂಬಿಕಾಳ ಪಕ್ಕದಲ್ಲಿ ಕಸ್ತೂರಿಯೂ ಬಂದು ಕುಳಿತಳು. ಇಬ್ಬರಿಗೂ ಈಗ ಉರಿಯುತ್ತಿದ್ದುದು ಒಂದೇ ಕಡೆಗೆ. ಅವನು ಏನು ಸೇರಿಸಿದನೆಂದು ನೋಡಿಬರೋಣವೆಂದು ಇಬ್ಬರೂ ಎದ್ದು ಒಳಗೆ ಹೋದರು. ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

“ಏನ್ರೀ, ಬಾಗಿಲಾ ತಗೀರಿ. ಎಲ್ಲಾ ಎಲ್ಲಾರ ಮುಂದ ಇರಬೇಕು ಅಂತಿದ್ರಲ್ಲ?”

“ಇರಬೇಕು ಇರಬೇಕು,” ಎಂದು ಒಳಗಿನಿಂದ ಉತ್ತರ ಬಂತು. “ಇನ್ನೂ ಪರೀಕ್ಷೆ ನಡದೈತಿ ನೀಲಾ. ಪಕ್ಕಾ ಆದಮ್ಯಾಲ ಬಿಡತೀನಿ.”

ಕಿವಿಗೊಟ್ಟು ನಿಂತರೂ ರುಬ್ಬುವ ಸದ್ದಲ್ಲದೆ ಬೇರೇನೂ ಕೇಳಲಿಲ್ಲ. ಕಸ್ತೂರಿ ನೆಗೆಣ್ಣಿಯ ಕೈ ಹಿಡಿದು ಕಟ್ಟೆಯ ಕಡೆ ತಿರುಗಿಸಿದಳು.

“ಬರ್ರಿ ಅಕ್ಕಾರ, ಕುಂಡ್ರೂಣು. ಕೈಗೆ ರುಚಿ ಹತ್ತಿತಂದ್ರ ಚಿಲಕಾ ತಾನ ಬೀಳತೈತಿ.”