ಸಾಹೇಬರ ಸೊಂಟದಳತೆಯ ಸುರಕ್ಷತಾ ಪ್ಯಾಂಟು

ಯಂತ್ರಗರಗಸ ಹಿಡಿದು ಮರವೇರುವವರಿಗೆ ಸುರಕ್ಷತಾ ಉಡುಪು ವಿನ್ಯಾಸ ಮಾಡಿದ ಮಾನ್ಯರೇ,

ದೀಪಾಂಜಲಿ ನಗರದಲ್ಲಿ ಬಟ್ಟೆ ಹೊಲಿಯುವ ಶಶಿಕಲಾಳ ಭಕ್ತಿಪೂರ್ವಕ ನಮಸ್ಕಾರಗಳು. ನಮ್ಮ ಯಜಮಾನರು ನಾಗರಾಜು, ರಾಜಾಜಿನಗರ, ಬಸವೇಶ್ವರನಗರದ ಕಡೆ ರಸ್ತೆಬದಿಯ ಮರಗಳ ಕೊಂಬೆ ಕತ್ತರಿಸುವ ತಂಡದಲ್ಲಿದ್ದಾರೆ. ಹಳೆಯ ಜೀನ್ಸಿನಲ್ಲೇ ಮರ ಹತ್ತುತ್ತಿದ್ದ ಅವರ ಕಾಲುಗಳ ಬಗ್ಗೆ ತಮ್ಮಂಥ ದೊಡ್ಡವರು ಯೋಚಿಸಿದ್ದೀರೆಂದು ತಿಳಿದ ದಿನ ನಾನು ನಿಜಕ್ಕೂ ಅತ್ತುಬಿಟ್ಟೆ.

ಸರ್ಕಾರದ ಕಡೆಯಿಂದ ಪ್ಯಾಂಟು ಬಂತು. ಅದರೊಳಗೆ ಯಜಮಾನರ ಜೊತೆ ಇನ್ನೊಬ್ಬರು ಆರಾಮವಾಗಿ ಹಿಡಿಸುತ್ತಾರೆ. ವಿಚಾರಿಸಿದರೆ, ತಮ್ಮವರು ಅಳತೆಗೆ ಬಂದಾಗ ಕೆಲಸಗಾರರೆಲ್ಲ ಗುಲ್‌ಮೊಹರ್ ಮರದ ಮೇಲಿದ್ದರಂತೆ; ಕೆಳಗೆ ನೆರಳಲ್ಲಿ ಕುರ್ಚಿ ಹಾಕಿಕೊಂಡು ಉಸ್ತುವಾರಿ ನೋಡುತ್ತಿದ್ದ ಚಕ್ರಪಾಣಿ ಸಾಹೇಬರು "ಅವ್ರನ್ನೆಲ್ಲ ಯಾಕ್ರೀ ಇಳಿಸ್ತೀರಾ, ನಂದೇ ತಗೊಳ್ಳಿ" ಎಂದು ಎದ್ದು ನಿಂತರಂತೆ. ಎಂಥ ತ್ಯಾಗ! ಆ ಹೊಟ್ಟೆಯ ಸುತ್ತಳತೆಯನ್ನು ತಾವು ಚಾಚೂ ತಪ್ಪದೆ ಹಿಡಿದಿರುವುದಕ್ಕೆ ಹೊಲಿಗೆಯವಳಾಗಿ ತಲೆಬಾಗುತ್ತೇನೆ.

ಬೆಲ್ಟ್ ಬಿಗಿದರೆ ಸೊಂಟವೇನೋ ನಿಲ್ಲುತ್ತದೆ, ಆದರೆ ಪ್ಯಾಂಟಿನ ಜೋಲುವ ಕಾಲುಗಳು ಕೊಂಬೆಗೆ ಸಿಕ್ಕಿಕೊಳ್ಳುತ್ತವೆ. ಬಿಡಿಸಿಕೊಳ್ಳಲು ಬೇಕಾದ ಮೂರನೆಯ ಕೈಯನ್ನು ತಾವು ಕಳಿಸಲು ಮರೆತಂತಿದೆ. ನಾನೇ ಆಲ್ಟರ್ ಮಾಡೋಣವೆಂದರೆ ತಮ್ಮ ಎಚ್ಚರಿಕೆಯ ಚೀಟಿ ಅಡ್ಡ ಬರುತ್ತದೆ: ಗರಗಸ ತಾಗಿದಾಗ ಒಳಪದರದ ಸಡಿಲ ಎಳೆಗಳು ಹೊರಬಂದು ಅದರ ಹಲ್ಲುಗಳಿಗೆ ಸುತ್ತಿಕೊಂಡರೆ ಮಾತ್ರ ಗರಗಸ ನಿಲ್ಲುವುದು, ಆದ್ದರಿಂದ ಆ ಪದರದ ಮೇಲೆ ಹೊಲಿಗೆ ಹಾಕಕೂಡದು. ಹೀಗಾಗಿ ಅವರು ಮತ್ತೆ ಜೀನ್ಸನ್ನೇ ತೊಟ್ಟರು. ಮೊನ್ನೆ ಗರಗಸ ಜಾರಿ ತೊಡೆಯ ಮೇಲೆ ಬಟ್ಟೆ ಸೀಳಿತು. ಕಾಲು ಕೂದಲೆಳೆಯಲ್ಲಿ ಪಾರಾಯಿತು. ಆ ಸೀಳನ್ನು ಹೊಲಿದವಳೂ ನಾನೇ, ಸ್ವಾಮಿ.

ತಮ್ಮ ಪ್ಯಾಂಟಿಗೆ ನಾವು ಅಗೌರವ ತೋರಿಲ್ಲ. ಆಯುಧಪೂಜೆಯ ದಿನ ಗರಗಸದ ಪಕ್ಕದಲ್ಲೇ ಮಡಚಿಟ್ಟು, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣನ್ನೂ ಇಟ್ಟೆ. ತೊಡಲಾಗದ ಬಟ್ಟೆಗೆ ಪೂಜೆಯಾದರೂ ಸಲ್ಲಲಿ.

ಇನ್ನು ನನ್ನ ಸಣ್ಣ ಕೋರಿಕೆ. ಪ್ಯಾಂಟು ತುಂಬುವವರೆಗೆ ಯಜಮಾನರಿಗೆ ಸರ್ಕಾರಿ ಖರ್ಚಿನಲ್ಲಿ ದಿನಾ ತುಪ್ಪದ ಹೋಳಿಗೆ ಮಂಜೂರು ಮಾಡಿ. ಅದಾಗದಿದ್ದರೆ, ಪ್ಯಾಂಟು ಯಾರ ಮೈಗೆ ಸರಿಹೊಂದುತ್ತದೋ ಅವರನ್ನೇ ಮರ ಹತ್ತಿಸಿ. ಕೆಳಗಿನ ಕುರ್ಚಿಯನ್ನು ನಮ್ಮವರು ಜೋಪಾನವಾಗಿ ನೋಡಿಕೊಳ್ಳುತ್ತಾರೆ.

ಇಂತಿ, ಸೂಜಿ ಹಿಡಿದೇ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಶಶಿಕಲಾ

ವಿ.ಸೂ.: ಮರು ಅಳತೆಗೆ ಯಾವತ್ತು ಬಂದರೂ ಸರಿ, ಟೇಪು ನಾನೇ ಕೊಡುತ್ತೇನೆ. ಆದಷ್ಟು ಬೇಗ ಬಂದರೆ ಎರಡೂ ಕಾಲುಗಳ ಅಳತೆ ಸಿಗುತ್ತದೆ.