ರಾಜನ ಕಿವಿ ಎಲ್ಲಿ ಹೋಯಿತು

ಲೆಕ್ಕದ ಮೇಷ್ಟ್ರಿಗೆ ಬೇಸಿಗೆ ರಜೆ ಬಂತೆಂದರೆ ಕೈ ಕಟ್ಟಿಹಾಕಿದಂತೆ. ವರ್ಷವಿಡೀ ಕೆಂಪು ಪೆನ್ನು ಹಿಡಿದು ಮಕ್ಕಳ ಅಂಕ ಕತ್ತರಿಸಿ ಪಳಗಿದ ಕೈ ಅದು. ಉತ್ತರ ಸರಿಯಿದ್ದರೂ ಕೆಳಗೆಳೆದ ಗೆರೆ ಓರೆಯಾಗಿದೆಯೆಂದು ಅರ್ಧ ಅಂಕ ಕಳೆಯುತ್ತಿದ್ದರು. ಹಾಗಾಗಿ ಬೀದಿಯ ಮಕ್ಕಳೂ ಮಕ್ಕಳ ಅಪ್ಪಂದಿರೂ (ಅವರೂ ಇವರಲ್ಲೇ ಓದಿ ಬೆಂದವರು) ಬೆನ್ನ ಹಿಂದೆ ಅವರನ್ನು ‘ಅರ್ಧ ಮಾರ್ಕು’ ಎಂದೇ ಕರೆಯುತ್ತಿದ್ದರು. ಮನೆಯಲ್ಲೂ ಇದೇ ನ್ಯಾಯ. ಹೆಂಡತಿಯ ಕಾಫಿ ಎಷ್ಟೇ ಹದವಾಗಿದ್ದರೂ ಲೋಟದ ಅಂಚಿನಲ್ಲಿ ಒಂದು ತೊಟ್ಟು ಚೆಲ್ಲಿದೆ ಎಂದೋ, ನೊರೆ ಎಡಕ್ಕೆ ವಾಲಿದೆ ಎಂದೋ ಅರ್ಧ ಅಂಕ ಹೋಗಿಯೇ ಹೋಗುತ್ತಿತ್ತು.

ಈ ರಜೆಯಲ್ಲಿ ಹಳೇ ಪುಸ್ತಕದಂಗಡಿಯಲ್ಲಿ ಅವರಿಗೊಂದು ಗ್ರಂಥ ಸಿಕ್ಕಿತು. ಹಳೆಯ ನಾಣ್ಯಗಳನ್ನು ಪರೀಕ್ಷಿಸಿ ದರ್ಜೆ ಕೊಡುವುದು ಹೇಗೆ ಎಂಬುದೇ ಅದರ ವಿಷಯ. ನಾಣ್ಯಕ್ಕೂ ಅಂಕ ಕೊಡಬಹುದು ಎಂಬ ಸಂಗತಿ ತಿಳಿದು ಮೇಷ್ಟ್ರಿಗೆ ರೋಮಾಂಚನವಾಯಿತು. ಒಂದು ಭೂತಗನ್ನಡಿ ತಂದರು, ಮೇಜಿನ ದೀಪವನ್ನು ಬಗ್ಗಿಸಿಕೊಂಡರು, ಹೆಂಡತಿಯ ಬೀರುವಿನಿಂದ ಅವಳ ಬೆಳ್ಳಿ ನಾಣ್ಯವನ್ನು ಹೊರಡಿಸಿದರು. ಮನೆಯಲ್ಲಿದ್ದ ಹಳೆಯ ನಾಣ್ಯ ಅದೊಂದೇ. ಪಾಪ, ಪರೀಕ್ಷೆಗೆ ಕೂರಲು ಬೇರೆ ಅಭ್ಯರ್ಥಿಯೇ ಇರಲಿಲ್ಲ.

ಆ ನಾಣ್ಯಕ್ಕೊಂದು ಕಥೆಯಿತ್ತು. ಹೆಂಡತಿಯನ್ನು ಸಾಕಿ ಬೆಳೆಸಿದವರು ಅವಳ ಸೋದರತ್ತೆ. ಆಕೆ ಚಿಕ್ಕ ವಯಸ್ಸಿನಲ್ಲೇ ನೂಲಿನ ಗಿರಣಿ ಸೇರಿದಾಗ ಮೊದಲ ಸಂಬಳದಲ್ಲಿ ಬಂದದ್ದು ಅದು. ಹಸಿದು ನೀರು ಕುಡಿದು ಮಲಗಿದ ದಿನವೂ ಅತ್ತೆ ಅದನ್ನು ಮುರಿಸಲಿಲ್ಲವಂತೆ. ಜೋಪಾನವಾಗಿಟ್ಟು ಸೊಸೆಯ ಮದುವೆಯಲ್ಲಿ ಅವಳ ಅಂಗೈಗೆ ಹಾಕಿದರಂತೆ. ಈ ಕಥೆಯನ್ನು ನೆಂಟರಿಷ್ಟರೆಲ್ಲ ಹೇಳಿ ಹೇಳಿ ಬೆಳೆಸಿದ್ದರು. ಹೆಂಡತಿಯಂತೂ ಹೇಳುವಾಗಲೆಲ್ಲ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದಳು. ಪಕ್ಕದ ಬೀದಿಯಲ್ಲೇ ಇದ್ದ ಅತ್ತೆ ಮಾತ್ರ ಕೇಳಿ ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದರು.

ಮೇಷ್ಟ್ರು ನಾಣ್ಯವನ್ನು ಹೊರಳಿಸಿ ಮರಳಿಸಿ ನೋಡಿದರು. ರಾಜನ ಮೂಗು ಇತ್ತು, ಗಡ್ಡ ಇತ್ತು. ಕಿವಿ ಇರಬೇಕಾದ ಜಾಗ ಮಾತ್ರ ಬೋಳು ಗುಡ್ಡದಂತೆ ನುಣ್ಣಗಿತ್ತು.

“ರಾಜನಿಗೆ ಕಿವೀನೇ ಇಲ್ವಲ್ಲೇ,” ಎಂದರು.

“ನಿಮ್ಮ ತೀರ್ಪು ಕೇಳಬಾರದು ಅಂತ ಬಿಟ್ಟು ಬಂದಿರ್ತಾನೆ,” ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು.

ಪುಸ್ತಕ ತಿರುವಿ, ಗಂಟಲು ಸರಿಮಾಡಿಕೊಂಡು ಮೇಷ್ಟ್ರು ಫಲಿತಾಂಶ ಪ್ರಕಟಿಸಿದರು: “ಗುಡ್.”

ಹೆಂಡತಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮದುವೆಯಾದಂದಿನಿಂದ ಈ ಬಾಯಲ್ಲಿ ಅಂಥ ಮಾತು ಬಂದದ್ದೇ ಇಲ್ಲ. ಹಿಗ್ಗಿ ಹೀರೇಕಾಯಿಯಾಗಿ ಕೇಳದೆಯೇ ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು. ಮೇಷ್ಟ್ರು ಅದನ್ನು ಪೂರ್ತಿ ಕುಡಿದು ಮುಗಿಸಿದ ಮೇಲೆ, ನಾಣ್ಯಶಾಸ್ತ್ರದಲ್ಲಿ ‘ಗುಡ್’ ಎಂದರೆ ಬಹುಪಾಲು ಅಳಿಸಿಹೋದದ್ದು ಎಂದರ್ಥ, ‘ವೆರಿ ಗುಡ್’ ಎಂದರೆ ಅದಕ್ಕಿಂತ ಕೊಂಚ ವಾಸಿ, ‘ಫೈನ್’ ಎಂದರೆ ಪರವಾಗಿಲ್ಲ ಎಂದಷ್ಟೇ ಅರ್ಥ ಎಂದು ವಿವರಿಸಿದರು.

“ಫೈನ್ ಅಂದ್ರೆ ದಂಡ ಅಂತ ನಂಗೆ ಮೊದಲೇ ಗೊತ್ತು,” ಎಂದಳು ಹೆಂಡತಿ. “ನಿಮ್ಮನ್ನ ಕಟ್ಕೊಂಡಾಗಿಂದ ಕಟ್ತಾನೇ ಇದೀನಲ್ಲ.”

ಅಷ್ಟಕ್ಕೇ ನಿಲ್ಲಿಸಿದ್ದರೆ ಆ ದಿನ ಸುಖವಾಗಿ ಮುಗಿಯುತ್ತಿತ್ತು. ಆದರೆ ಲೆಕ್ಕವನ್ನು ಅರ್ಧಕ್ಕೆ ಬಿಡುವುದು ಮೇಷ್ಟ್ರ ಜಾಯಮಾನವಲ್ಲ. ಕಿವಿ ಇಷ್ಟು ಸವೆಯಬೇಕಾದರೆ ನಾಣ್ಯ ಸಂತೆ, ಅಂಗಡಿ, ಜೇಬು, ಗಲ್ಲಾಪೆಟ್ಟಿಗೆ ಎಲ್ಲ ಸುತ್ತಿರಬೇಕು; ಆದ್ದರಿಂದ ಮೊದಲ ಸಂಬಳ, ಮುರಿಸದ ಹಟ ಎಲ್ಲ ಕಟ್ಟುಕಥೆ ಎಂದು ಸಾಧಿಸಿಬಿಟ್ಟರು. ಕೊನೆಯ ಪದ ಬಾಯಿಂದ ಹೊರಬೀಳುವಷ್ಟರಲ್ಲಿ ಅವರಿಗೇ ತಿಳಿಯಿತು, ನಾಲಿಗೆ ಜಾರಿದೆ ಎಂದು. ಹೆಂಡತಿ ಖಾಲಿ ಲೋಟ ಎತ್ತಿಕೊಂಡು ಮಾತಿಲ್ಲದೆ ಒಳಗೆ ಹೋದಳು. ಅವಳು ಬೈದಾಗ ಮನೆಯಲ್ಲಿ ಬರೀ ಗುಡುಗು, ಸುಮ್ಮನಾದಾಗ ಸಿಡಿಲು.

ಮರುದಿನ ಬೆಳಗ್ಗೆ ಅವಳೇ ಮೌನ ಮುರಿದಳು. “ನಮ್ಮತ್ತೆ ಸುಳ್ಳು ಹೇಳೋರಲ್ಲ. ತಿಳಿದವರ ಹತ್ರ ತೋರಿಸೋಣ. ನೀವು ಹೇಳಿದ್ದು ಸರಿ ಅಂದ್ರೆ ನಾನು ಇನ್ನು ಆ ಭೂತಗನ್ನಡಿ ಬಗ್ಗೆ ತುಟಿ ಎರಡು ಮಾಡಲ್ಲ. ತಪ್ಪು ಅಂದ್ರೆ ರಜೆ ಮುಗಿಯೋವರೆಗೂ ಅಡುಗೆ ನಿಮ್ಮದು. ಅತ್ತೆಗೆ ಮಾತ್ರ ಈ ವಿಷಯ ತಿಳೀಬಾರದು, ನೊಂದ್ಕೋತಾರೆ.”

ಮೇಷ್ಟ್ರು ಒಪ್ಪಿದರು. ಒಪ್ಪಿದ ಮೇಲೆ ಎದೆಯಲ್ಲಿ ಸಣ್ಣ ಅಳುಕು. ರಾಜನ ಕುತ್ತಿಗೆಯ ಮೇಲೊಂದು ಕಪ್ಪು ಕಲೆಯಿತ್ತು. ಅದು ಕೊಳೆಯೋ, ಲೋಹದ ಬಣ್ಣವೋ ತಿಳಿಯಬೇಕಿತ್ತು. ಹೆಂಡತಿ ಸ್ನಾನಕ್ಕೆ ಹೋದ ಸಮಯ ನೋಡಿ ಮೇಜಿನ ಖಾನೆಯಿಂದ ರಬ್ಬರು ತೆಗೆದು ನಾಲ್ಕು ಸಲ ಉಜ್ಜಿದರು. ಕುತ್ತಿಗೆ ಬೆಳ್ಳಗಾಯಿತು. ರಾಜ ಆಗತಾನೇ ಕ್ಷೌರ ಮಾಡಿಸಿಕೊಂಡವನಂತೆ ಕಂಡ. ಸಂತೋಷದಿಂದ ನಾಣ್ಯವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟರು.

ಭಾನುವಾರ ಬೆಳಗ್ಗೆ ಗ್ರಂಥಾಲಯದ ಮಹಡಿಯಲ್ಲಿ ನಾಣ್ಯ ಸಂಗ್ರಹಿಸುವವರೆಲ್ಲ ಸೇರುತ್ತಿದ್ದರು. ಅಲ್ಲಿ ಕೊನೆಯ ಮಾತು ನಿವೃತ್ತ ಹಲ್ಲಿನ ಡಾಕ್ಟರಮ್ಮನದು. ಅವರು ಪುಟ್ಟ ದೀಪ ಹಿಡಿದು ಎದುರು ಕೂತ ಕೂಡಲೇ ಮೇಷ್ಟ್ರು ಹಳೆಯ ಅಭ್ಯಾಸದಿಂದ ಬಾಯಿ ತೆರೆದುಬಿಟ್ಟರು. ಆಮೇಲೆ ಆ ತೆರೆದ ಬಾಯನ್ನು ವ್ಯರ್ಥ ಮಾಡಬಾರದೆಂದು ಕಿವಿಯ ಸವೆತದ ಬಗ್ಗೆ ಪಾಠವನ್ನೇ ಒಪ್ಪಿಸಿದರು. ಡಾಕ್ಟರಮ್ಮ ಹೂಂಗುಟ್ಟುತ್ತಾ ನಾಣ್ಯದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿನಡಿಯಲ್ಲಿ ಅತ್ತಿತ್ತ ವಾಲಿಸಿದರು.

“ಇಲ್ಲಿ ನೋಡಿ ಮೇಷ್ಟ್ರೇ. ಸವೆದ ಜಾಗ ಮಂಕಾಗಿರಬೇಕು. ಇಲ್ಲಿ ಬೆಳಕು ಕಿವಿಯ ಜಾಗದ ಮೇಲೂ ತಡೆಯಿಲ್ಲದೆ ಓಡ್ತಾ ಇದೆ. ಟಂಕಸಾಲೆಯಲ್ಲಿ ಅಚ್ಚು ಒತ್ತುವಾಗಲೇ ಪೆಟ್ಟು ಸಾಲದೆ ಕಿವಿ ಮೂಡಿಲ್ಲ. ಮೂಡದ ಕಿವಿ ಸವೆಯೋದು ಹೇಗೆ?”

ಈ ನಾಣ್ಯ ಹೆಚ್ಚು ಕೈಗಳನ್ನು ಕಂಡೇ ಇಲ್ಲ, ಯಾರೋ ಬಹಳ ಅಕ್ಕರೆಯಿಂದ ಕಾಪಾಡಿದ್ದಾರೆ ಎಂದರು. ಹೆಂಡತಿಯ ಮುಖ ಹುಣ್ಣಿಮೆಯಾಯಿತು. ಅಷ್ಟರಲ್ಲಿ ಡಾಕ್ಟರಮ್ಮನ ಹುಬ್ಬು ಗಂಟಾಯಿತು. ಕುತ್ತಿಗೆಯ ಮೇಲೆ ಕೂದಲೆಳೆಯಂಥ ಹೊಸ ಗೀರುಗಳಿವೆ. ಇಲ್ಲದಿದ್ದರೆ ಮೇಲಿನ ದರ್ಜೆಯನ್ನೇ ಕೊಡಬಹುದಿತ್ತು, ಯಾರೋ ಪುಣ್ಯಾತ್ಮರು ಮೊನ್ನೆ ಮೊನ್ನೆ ರಬ್ಬರಿನಿಂದ ಉಜ್ಜಿ ಕೆಡಿಸಿದ್ದಾರೆ ಎಂದು ಮರುಗಿದರು. ಮೇಷ್ಟ್ರು ಮಹಡಿಯ ಫ್ಯಾನು ಎಷ್ಟು ಚೆನ್ನಾಗಿ ತಿರುಗುತ್ತಿದೆ ಎಂದು ನೋಡತೊಡಗಿದರು. ಹೆಂಡತಿ ಅವರನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು, ಭೂತಗನ್ನಡಿಯ ನೆರವೇ ಇಲ್ಲದೆ.

ಅಂದು ಮಧ್ಯಾಹ್ನದ ಅಡುಗೆ ಮೇಷ್ಟ್ರದ್ದು. ಅತ್ತೆಯೂ ಊಟಕ್ಕೆ ಬರುವವರಿದ್ದರು. ‘ಉಪ್ಪು ರುಚಿಗೆ ತಕ್ಕಷ್ಟು’ ಎಂದು ಅಡುಗೆ ಪುಸ್ತಕದಲ್ಲಿ ಓದಿ, ಇಷ್ಟು ಅಸ್ಪಷ್ಟವಾಗಿ ಬರೆದವನು ತಮ್ಮ ಕೈಗೆ ಸಿಕ್ಕಿದ್ದರೆ ಪಾಸಾಗುತ್ತಿರಲಿಲ್ಲ ಎಂದು ಗೊಣಗುತ್ತಾ ಅವರು ಆಲೂಗಡ್ಡೆಯ ಸಿಪ್ಪೆಯೊಡನೆ ಅರ್ಧ ಆಲೂಗಡ್ಡೆಯನ್ನೂ ಹೆರೆದು ಹಾಕಿದರು. ಹೊರಗೆ ಹೆಂಡತಿ ತಡೆಯಲಾರದೆ ತಾನೇ ಹಾಕಿದ್ದ ಕಟ್ಟಪ್ಪಣೆ ಮುರಿದು, ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಅತ್ತೆ ನೊಂದುಕೊಳ್ಳಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಮುರಿಸಲಿಲ್ಲ ಅಲ್ಲ ಮಗೂ, ಮುರಿಸೋಕೆ ಆಗ್ಲಿಲ್ಲ,” ಎಂದರು. “ಸಂಬಳ ಬಂದ ದಿನವೇ ಹೊಟ್ಟೆ ತುಂಬ ತಿನ್ನೋಣ ಅಂತ ಅಂಗಡಿ ಅಂಗಡಿ ಅಲೆದೆ. ರಾಜನಿಗೆ ಕಿವಿ ಇಲ್ಲ, ಖೋಟಾ ನಾಣ್ಯ ಅಂತ ಒಬ್ಬರೂ ಮುಟ್ಟಲಿಲ್ಲ. ಬಸ್ಸಿನವನು ನಡುದಾರೀಲಿ ಇಳಿಸಿದ. ಇನ್ನೇನು ಮಾಡೋದು, ಡಬ್ಬೀಲಿ ಹಾಕಿಟ್ಟೆ. ನೀವೆಲ್ಲ ಸೇರಿ ನನ್ನನ್ನ ತ್ಯಾಗಮಯಿ ಮಾಡಿದ್ರಿ. ಕೇಳೋಕೆ ಚೆನ್ನಾಗಿತ್ತು, ಸುಮ್ಮನಿದ್ದೆ.”

ಇದನ್ನು ಕೇಳಿದ್ದೇ ತಡ, ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಸೌಟು ಹಿಡಿದುಕೊಂಡೇ ಹೊರಗೆ ಬಂದು, “ಅಲ್ಲ ಅತ್ತೆಯವರೇ, ನಡೆಯದ ನಾಣ್ಯ ಅಂತ ಗೊತ್ತಿದ್ದೂ ಅದನ್ನ ಇವಳ ಮದುವೇಲಿ ಯಾಕೆ ಕೊಟ್ರಿ?” ಎಂದು ಕಟಕಟೆಯಲ್ಲಿ ನಿಲ್ಲಿಸಿ ಕೇಳುವವರಂತೆ ಕೇಳಿದರು.

ಅತ್ತೆ ಕಣ್ಣೊರೆಸಿಕೊಂಡು ಶಾಂತವಾಗಿ ಹೇಳಿದರು. “ನಿಮ್ಮ ವಿಷಯ ವಿಚಾರಿಸಿದ್ದೆ ಅಳಿಯಂದಿರೇ. ಎಷ್ಟೋ ಮನೆಯವರು ನೋಡಿ, ಹಿಂದೆ ಮುಂದೆ ತಿರುಗಿಸಿ, ಯಾಕೋ ಸರಿಯಿಲ್ಲ ಅಂತ ವಾಪಸು ಕಳಿಸಿದ್ರಂತೆ. ಇವಳಪ್ಪ, ನಮ್ಮಣ್ಣನೂ ಹಿಂಜರಿದ. ಹುಡುಗ ಬೆಳ್ಳೀನೇ, ಅಚ್ಚಲ್ಲಿ ಒಂಚೂರು ಊನ ಅಷ್ಟೆ ಅಂತ ಒಪ್ಪಿಸಿದ್ದು ನಾನು. ಆಮೇಲೆ ಮನೇಲಿದ್ದ ಅಂಥದ್ದೇ ಇನ್ನೊಂದೂ ಜೊತೆಗೇ ಇರಲಿ ಅಂತ ಇವಳ ಕೈಗೆ ಹಾಕಿದೆ.”

ಹೆಂಡತಿ ನಗು ತಡೆಯಲಾರದೆ ಕುರ್ಚಿಯ ಕೈ ಹಿಡಿದುಕೊಂಡಳು. ಮೇಷ್ಟ್ರು ಸೌಟು ಎತ್ತಿ ಹಿಡಿದು ವಾದಕ್ಕೆ ಸಜ್ಜಾದರು. ಅಷ್ಟರಲ್ಲಿ ಒಳಗಿಂದ ಸೀದ ವಾಸನೆ ಬಂತು. ಓಡಿಹೋಗಿ ಒಲೆ ಆರಿಸಿ, ಕಪ್ಪಗಾದ ಬಾಣಲೆಯ ಮುಂದೆ ನಿಂತಾಗ ಅವರಿಗೂ ನಗು ಬಂದುಬಿಟ್ಟಿತು. ಹೊರಗಿನವರಿಗೆ ಕೇಳಿಸದಿರಲೆಂದು ಅವರು ನಲ್ಲಿಯನ್ನು ಪೂರ್ತಿ ತಿರುಗಿಸಿದರು.