ಅಕ್ಕೋರ ಕಯಾಕ್ ಮತ್ತು ನಾವು

ಕಾಣಕೋಣದ ಕಡಲ ದಂಡೆಯಲ್ಲಿ ಹೋಟೆಲ್ ಕಟ್ಟಲು ಬರದ ಸೀಮೆ ಇಂಡಿ ಕಡೆಯಿಂದ ಬಂದ ಗಾರೆ ಮಂದಿ ನಾವು. ಕೊಡದಲ್ಲಿ ಹಿಡಿಯುವಷ್ಟು ನೀರನ್ನು ಮಾತ್ರ ನಂಬುವವರು. ನಮ್ಮ ಬಿಡಾರದ ಪಕ್ಕದಲ್ಲೇ ಶಾಲೆಯ ಡ್ರಿಲ್ ಟೀಚರು, ನಮ್ಮ ಬಾಯಲ್ಲಿ ಅಕ್ಕೋರು, ಕಯಾಕ್ ತಂದಿಟ್ಟ ಮೇಲೆ ನಗುವಿಗೆ ಬರ ಎಲ್ಲಿಯದು? ಕಯಾಕ್ ಎಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಉದ್ದನೆಯ, ಸಪೂರ ದೋಣಿ.

ಅದರಲ್ಲಿ ಒಬ್ಬರೇ ವಾಸ್ಕೊ ಮುಟ್ಟುವುದು ಅಕ್ಕೋರ ಹಟ. ನಮ್ಮ ದಂಡೆಯಿಂದ ಯಾವ ಹೆಂಗಸೂ ಹಾಗೆ ಹೋಗಿರಲಿಲ್ಲ. ಮುಟ್ಟಿದರೆ ಮಾತ್ರ ಹುಡುಗಿಯರಿಗೆ ಕಯಾಕ್ ಕಲಿಸಲು ಬಿಡುತ್ತೇನೆಂದು ಹೆಡ್‌ಮಾಸ್ಟರು ಹೇಳಿದ್ದರು. ಕಲಿಯಲು ಕಾದಿದ್ದವರಲ್ಲಿ ನನ್ನ ಮಗಳೂ ಒಬ್ಬಳು.

ಮೆರವಣಿಗೆ

ಬಿಸಿಲಿಗೆ ಬಣ್ಣ ಕೆಡದಿರಲೆಂದು ಕಯಾಕಿಗೆ ಬಿಳಿ ಬಟ್ಟೆ ಸುತ್ತಿದ್ದೆವು. ನಮ್ಮ ನಾಲ್ವರು ಗಂಡಸರು ಅದನ್ನು ಹೆಗಲಿಗೇರಿಸಿ ಕಡಲಿಗೆ ಹೊರಟರು. ನೀರಿನ ಕೊಡ ಹಿಡಿದು ನಾನು ಮುಂದೆ. ದಾರಿಯಲ್ಲಿ ಮುದುಕರೊಬ್ಬರು ಟೋಪಿ ತೆಗೆದು, ಎದೆ ಮೇಲೆ ಶಿಲುಬೆ ಗುರುತು ಹಾಕಿಕೊಂಡು ನಿಂತರು. ಹಿಂದಿದ್ದ ಅಕ್ಕೋರು ನಗುತ್ತಾ ಅವರತ್ತ ಕೈ ಬೀಸಿದರು. ಮುದುಕರು ನನ್ನ ಪಕ್ಕಕ್ಕೆ ಬಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು, ಆಕೆಯ ಗಂಡ ಆಸ್ತಿ ಬಹಳ ಬಿಟ್ಟು ಹೋಗಿದ್ದಾನೆಯೇ ಎಂದು.

ಮೇಸ್ತ್ರಿಯ ಶೌರ್ಯ

ಕಯಾಕ್ ಮಗುಚಿದರೆ ಕೂತಲ್ಲಿಂದಲೇ ಉರುಳಿ ಮೇಲೇಳುವ ಪಾಠವೊಂದಿದೆಯಂತೆ. ನಮಗೇನು ಗೊತ್ತು? ಅಕ್ಕೋರು ತಲೆಕೆಳಗಾದದ್ದೇ ತಡ, ನಮ್ಮ ಮೇಸ್ತ್ರಿ ನೀರಿಗೆ ಹಾರಿದ. ಅವನಿಗೆ ಈಜು ಬಾರದು. ಅಕ್ಕೋರು ಮೇಲೆದ್ದು, ಅವನ ಕೊರಳಪಟ್ಟಿ ಹಿಡಿದು ದಡಕ್ಕೆ ಎಳೆದು ತಂದರು. ಉಪ್ಪುನೀರು ಕಕ್ಕಿ ಮುಗಿಸಿ ಮೇಸ್ತ್ರಿ ನಮ್ಮತ್ತ ತಿರುಗಿ, "ಅಂಜಬ್ಯಾಡ್ರಿ, ಅಕ್ಕೋರು ಉಳದಾರ" ಎಂದ.

ಉಡಿ

ದೂರ ಹೋಗುವ ಹೆಣ್ಣುಮಗಳನ್ನು ನಾವು ಬರಿ ಉಡಿಯಲ್ಲಿ ಕಳಿಸುವವರಲ್ಲ. ಹೊರಡುವ ಮುಂಜಾನೆ, ಕಯಾಕಿನಲ್ಲಿ ಕೂತ ಅಕ್ಕೋರ ತೊಡೆಯ ಮೇಲೆ ಅಕ್ಕಿ, ತೆಂಗಿನಕಾಯಿ, ಖಣ ಇಟ್ಟು ಉಡಿ ತುಂಬಿದೆ. "ಮುಟ್ಟೂತನಕ ಚೆಲ್ಲಬಾರದ್ರಿ" ಎಂದೆ. ನೀರು ಒಳಗೆ ನುಗ್ಗದಿರಲೆಂದು ಸೊಂಟಕ್ಕೆ ಕಟ್ಟಿ ಕಯಾಕಿನ ಬಾಯಿ ಮುಚ್ಚುವ ರಬ್ಬರಿನ ಲಂಗವನ್ನು ಅವರು ಅದರ ಮೇಲೆಯೇ ಬಿಗಿದರು.

ಕಾವಲಿಗೆ ಹಿಂದೆ ಹೊರಟ ಮೀನುಗಾರನ ದೋಣಿಯಲ್ಲಿ ನಾನೂ ಕೂತೆ, ಕಣ್ಣು ಮುಚ್ಚಿಕೊಂಡು. ಮಧ್ಯಾಹ್ನ ಗಾಳಿ ಎದ್ದಾಗ ಕಣ್ಣು ಬಿಟ್ಟೆ. ಅಕ್ಕೋರ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದಿತ್ತು. ಸಾಕು, ದೋಣಿ ಹತ್ತಿ ಎಂದ ಮೀನುಗಾರ.

ಅಕ್ಕೋರು ತೊಡೆಯತ್ತ ನೋಡಿಕೊಂಡರು. ನಮ್ಮ ಮಕ್ಕಳಿಂದ ಕಲಿತ ಕನ್ನಡದಲ್ಲಿ, "ಹೆಂಗ ಬರ್ಲಿ? ಎದ್ರ ಅಕ್ಕಿ ಚೆಲ್ತಾವು" ಎಂದು ಮತ್ತೆ ಹುಟ್ಟು ಎತ್ತಿದರು.

ಸಂಜೆ ವಾಸ್ಕೊ ಮುಟ್ಟಿದೆವು. ದಂಡೆಯ ತುಂಬ ಜನ, ಶಿಳ್ಳೆ. ಅಕ್ಕೋರು ಲಂಗ ಬಿಚ್ಚಿ ಎದ್ದಾಗ ನೆನೆದು ಉಬ್ಬಿದ ಅಕ್ಕಿ ಮರಳಿಗೆ ಸುರಿಯಿತು, ಕಾಯಿ ಉರುಳಿ, ಬಸ್ಸಿನಲ್ಲಿ ಮೊದಲೇ ಬಂದು ಕಾದಿದ್ದ ಹೆಡ್‌ಮಾಸ್ಟರ ಕಾಲ ಬಳಿ ನಿಂತಿತು. ಸೋಮವಾರದಿಂದಲೇ ಹುಡುಗಿಯರಿಗೆ ಕಲಿಸಿ ಎಂದರು ಅವರು. ನಾನು ಖುಷಿಗೆ ಅತ್ತುಬಿಟ್ಟೆ.

ಕಣ್ಣು ಒರೆಸಿಕೊಂಡು ನೋಡಿದರೆ, ಮೀಸೆ ಹೊತ್ತ ಆ ಮೀನುಗಾರ ಲುಂಗಿಯ ಅಂಚು ಎರಡೂ ಕೈಯಲ್ಲಿ ಒಡ್ಡಿ ನನ್ನೆದುರು ನಿಂತಿದ್ದ. "ಬಾಯೀ, ನಂಗೂ ಸ್ವಲ್ಪ ಅಕ್ಕಿ ಹಾಕು. ನನ್ನ ಎಂಜಿನ್ ಭಾಳ ಬಂದ್ ಬೀಳ್ತದೆ."